ದೋಣಿ ಶಾಫ್ಟಿಗೆ ಬೇರಿಂಗೋ, ಬುಶ್ಶೋ?

ಲೇತ್ ಮೇಸ್ತ್ರಿಗೆ ಓದುಗರ ಪ್ರಶ್ನೆಗಳು

ಹೋದ ತಿಂಗಳು ಸಾಣಾಪುರದ ಕೆರೆಯಲ್ಲಿ ನಾನು ರಿಮೋಟ್ ದೋಣಿ ಓಡಿಸುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಸುಮ್ನೆ ಬರೆದದ್ದು. ಅದಕ್ಕೆ ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಗಂಗಾವತಿಯಲ್ಲಿ ಮೂವತ್ತು ವರ್ಷದಿಂದ ಲೇತ್ ಇಟ್ಟುಕೊಂಡಿದ್ದೇನೆ. ನನ್ನನ್ನು ಕೇಳುವುದೆಲ್ಲ ರೈಸ್ ಮಿಲ್ಲಿನ ಎಲಿವೇಟರ್, ಬೋರ್‌ವೆಲ್ ಪಂಪು, ಟ್ರಾಕ್ಟರಿನ ಹೌಸಿಂಗ್. ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ದೋಣಿಯವು, ಅದರಲ್ಲೂ ಶಾಫ್ಟಿನ, ಅಂದರೆ ಮೋಟಾರಿನಿಂದ ಪ್ರೊಪೆಲ್ಲರಿಗೆ ಹೋಗುವ ಸರಳಿನ, ಬೇರಿಂಗಿನವು. ಪಂಪಿನವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ತಿಂಗಳು ನಿಮ್ಮದು.

ಪ್ರಶ್ನೆ: ಮೇಸ್ತ್ರಿ ಕಾಕಾ, ನಾನು ಮೆಕ್ಯಾನಿಕಲ್ ಡಿಪ್ಲೊಮಾ ಎರಡನೇ ವರ್ಷ. ಎರಡೂವರೆ ಅಡಿ ಉದ್ದದ ಟಗ್ ದೋಣಿ ಕಟ್ಟಿದ್ದೇನೆ. 4 ಎಂಎಂ ಸ್ಟೇನ್‌ಲೆಸ್ ಶಾಫ್ಟ್, ಒಳಗೆ 9 ಎಂಎಂ ಇರುವ ಹಿತ್ತಾಳೆ ಕೊಳವೆ, ಎರಡೂ ತುದಿಗೆ 684 ನಂಬರಿನ ಬಾಲ್ ಬೇರಿಂಗ್. ಹಾಕಿದ ದಿನ ಬೆರಳಲ್ಲಿ ತಿರುಗಿಸಿದರೆ ನಿಲ್ಲುತ್ತಲೇ ಇರಲಿಲ್ಲ. ಈಗ ಒಂದು ತಿಂಗಳಿಗೆ ಹಿಂದಿನ ಬೇರಿಂಗ್ ಕರಕರ ಅನ್ನುತ್ತಿದೆ, ಒರೆಸಿದರೆ ಬಟ್ಟೆ ಕೆಂಪಾಗುತ್ತದೆ. ಇನ್ನೂ ಒಳ್ಳೆ ಕಂಪನಿಯ ಬೇರಿಂಗ್ ಹಾಕಲಾ?
– ವಿದ್ಯಾರ್ಥಿ, ಕೊಪ್ಪಳ

ಉತ್ತರ: ಬೇಡ ತಮ್ಮಾ. ಎಷ್ಟು ಒಳ್ಳೆ ಕಂಪನಿಯದು ಹಾಕಿದರೂ ಆ ಜಾಗದಲ್ಲಿ ಇನ್ನೊಂದು ತಿಂಗಳು ಜಾಸ್ತಿ ಬಾಳಬಹುದು, ಅಷ್ಟೇ.

ಬೇರಿಂಗಿನ ಗುಂಡು, ರಿಂಗು ಎಲ್ಲಾ ಕ್ರೋಮ್ ಉಕ್ಕು. ಗಟ್ಟಿ ಇದೆ, ಆದರೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ಗುಂಡು ಉರುಳುವ ದಾರಿ ಕನ್ನಡಿ ಹಾಗೆ ಇರಬೇಕು. ಅದರ ಮೇಲೆ ಸೂಜಿಮೊನೆಯಷ್ಟು ತುಕ್ಕು ಬಿದ್ದರೂ ಕರಕರ ಶುರು. ನಿನ್ನ ಬೇರಿಂಗಿನ ಮೇಲೆ ‘ಝಡ್‌ಝಡ್’ ಅಂತ ಇದೆಯಾ ನೋಡು. ಅದು ಎರಡೂ ಕಡೆ ತಗಡಿನ ಮುಚ್ಚಳ ಅನ್ನೋದರ ಗುರುತು. ತಗಡು ಧೂಳು ತಡೆಯುತ್ತದೆ, ನೀರು ತಡೆಯುವುದಿಲ್ಲ. ‘2ಆರ್‌ಎಸ್’ ಅಂತಿದ್ದರೆ ರಬ್ಬರ್ ಮುಚ್ಚಳ. ಅದು ಸ್ವಲ್ಪ ವಾಸಿ, ಆದರೂ ದಿನಗಟ್ಟಲೆ ನೀರಲ್ಲಿ ಮುಳುಗಿರಲಿ ಅಂತ ಮಾಡಿದ್ದಲ್ಲ. ಸ್ಟೇನ್‌ಲೆಸ್ ಬೇರಿಂಗ್ ಕೂಡ ಸಿಗುತ್ತದೆ. ಗುಂಡಿಗೆ ಬೇಕಾದಷ್ಟು ಗಟ್ಟಿ ಮಾಡಿದ ಸ್ಟೇನ್‌ಲೆಸ್ಸು ನಮ್ಮ ಅಡುಗೆಮನೆ ಪಾತ್ರೆಯ ಸ್ಟೇನ್‌ಲೆಸ್ಸಿನಷ್ಟು ತುಕ್ಕು ತಡೆಯುವುದಿಲ್ಲ. ತಡವಾಗಿ ಕೆಡುತ್ತದೆ, ಕೆಡುವುದಂತೂ ಖಂಡಿತ.

ಬೆರಳಲ್ಲಿ ತಿರುಗಿಸಿದರೆ ನಿಲ್ಲುತ್ತಲೇ ಇರಲಿಲ್ಲ ಅಂತ ಬರೆದಿದ್ದೀಯ. ಎಲ್ಲರೂ ಮರುಳಾಗುವುದು ಇಲ್ಲೇ. ನನ್ನ ಅಂಗಡಿಗೆ ಬರುವವರೂ ಹೀಗೇ. ಬೇರಿಂಗ್ ಕೈಗೆ ಕೊಟ್ಟರೆ ಗಿರ್ರನೆ ತಿರುಗಿಸಿ ಖುಷಿಪಡುತ್ತಾರೆ. ಬುಶ್, ಅಂದರೆ ಗುಂಡಿಲ್ಲದ ಬರೀ ಲೋಹದ ಬಳೆ, ಕೊಟ್ಟರೆ ‘ಸ್ವಲ್ಪ ಬಿಗಿ ಇದೆ ಅಲ್ವಾ’ ಅಂತ ಮುಖ ಸಣ್ಣ ಮಾಡುತ್ತಾರೆ. ಅಂಗಡಿ ಕಟ್ಟೆ ಮೇಲೆ ಒಣಗಿದ ಬೆರಳು ಹೇಳುವ ಸಾಕ್ಷಿಯನ್ನು ನಾನು ನಂಬುವುದಿಲ್ಲ. ಮೂರು ತಿಂಗಳು ಕೆಸರು ನೀರಲ್ಲಿ ಓಡಿಸಿದ ಮೇಲೆ ಬಿಚ್ಚಿ ನೋಡು, ಆಗ ಮಾತಾಡೋಣ.

ನಿಮ್ಮ ಮನೆಗೆ ಹೊಲ ಇದ್ದರೆ ಬೋರ್‌ವೆಲ್ ಮೋಟಾರ್ ಬಿಚ್ಚಿದಾಗ ಹೋಗಿ ನೋಡು. ನೀರು ತುಂಬಿ ಇಳಿಸುವ ಜಾತಿಯ ಸಬ್‌ಮರ್ಸಿಬಲ್ಲಿನಲ್ಲಿ ಒಂದು ಗುಂಡೂ ಸಿಗುವುದಿಲ್ಲ. ಮೇಲೊಂದು ಬುಶ್, ಕೆಳಗೊಂದು ಬುಶ್. ಭಾರ ಹೊರುವುದಕ್ಕೆ ಅಡಿಯಲ್ಲಿ ಕಾರ್ಬನ್ ತಟ್ಟೆ. ಎಣ್ಣೆ ಮಾಡುವ ಕೆಲಸವನ್ನು ನೀರೇ ಮಾಡುತ್ತದೆ. ಮುನ್ನೂರು ಅಡಿ ಆಳದಲ್ಲಿ ವರ್ಷಗಟ್ಟಲೆ ತಿರುಗುತ್ತದೆ. ನಿನ್ನ ದೋಣಿಯ ಹಿಂದಿನ ತುದಿಯೂ ಅಂಥದೇ ಜಾಗ.

ಹಾಗಾಗಿ ಹಿಂದಿನ ತುದಿಗೆ ಗನ್ ಮೆಟಲ್, ಅಂದರೆ ಒಂದು ಜಾತಿಯ ಕಂಚಿನ, ಬುಶ್ ಹಾಕು. ಗನ್ ಮೆಟಲ್ ಸಿಗದಿದ್ದರೆ ಹಿತ್ತಾಳೆಯೂ ನಡೆಯುತ್ತದೆ, ಸ್ವಲ್ಪ ಬೇಗ ಸವೆಯುತ್ತದೆ. ಬುಶ್ಶಿನ ಉದ್ದ ಶಾಫ್ಟಿನ ದಪ್ಪದ ಎರಡೂವರೆ ಮೂರು ಪಟ್ಟು ಇರಲಿ. 4 ಎಂಎಂ ಶಾಫ್ಟಿಗೆ 10–12 ಎಂಎಂ. ಹೊರಗಡೆ 9 ಎಂಎಂ ಇಟ್ಟರೆ ನಿನ್ನ ಹಳೇ ಬೇರಿಂಗ್ ಕೂತ ಜಾಗದಲ್ಲೇ ಕೂರುತ್ತದೆ, ಕೊಳವೆ ಬದಲಿಸಬೇಕಾಗಿಲ್ಲ.

ತೂತು ಹೊಡೆಯುವಾಗ ನೇರವಾಗಿ 4 ಎಂಎಂ ಡ್ರಿಲ್ ಹಾಕಬೇಡ. ಡ್ರಿಲ್ಲು ಯಾವತ್ತೂ ತನ್ನ ಅಳತೆಗಿಂತ ದೊಡ್ಡ ತೂತನ್ನೇ ಹೊಡೆಯುತ್ತದೆ, ಅದೂ ಪೂರ್ತಿ ದುಂಡಗಿರುವುದಿಲ್ಲ. 3.8 ಹೊಡೆದು 4 ಎಂಎಂ ಎಚ್7 ರೀಮರ್ ಹಾಕು. ರೀಮರ್ ಅಂದರೆ ತೂತನ್ನು ಸರಿಯಾದ ಅಳತೆಗೆ ಸವರಿ ನುಣುಪು ಮಾಡುವ ಉಪಕರಣ. ಎಚ್7 ಅಂದರೆ ತೂತು 4.000 ಮತ್ತು 4.012ರ ನಡುವೆ ಬರುತ್ತದೆ. ಇನ್ನೊಂದು ಮಾತು. ಬುಶ್ಶನ್ನು ಕೊಳವೆಗೆ ಒತ್ತಿ ಕೂರಿಸಿದಾಗ ಒಳಗಿನ ತೂತು ಕೂದಲೆಳೆಯಷ್ಟು ಕಿರಿದಾಗುತ್ತದೆ. ಅದಕ್ಕೆ ಕೂರಿಸಿದ ಮೇಲೆ ರೀಮರನ್ನು ಕೈಯಲ್ಲಿ ಇನ್ನೊಂದು ಸಲ ಇಳಿಸು. ಶಾಫ್ಟಿಗೂ ತೂತಿಗೂ ಒಂದೆರಡು ನೂರರಷ್ಟು ಆಟ, ಅಂದರೆ ಸಡಿಲ, ಸಾಕು. ಲೇತಿನವರ ಬಾಯಲ್ಲಿ ಒಂದು ನೂರು ಅಂದರೆ ಎಂಎಂನ ನೂರನೇ ಒಂದು ಪಾಲು. ಮೈಕ್ರೋಮೀಟರ್ ಇಲ್ಲ ಅಂದರೆ ಶಾಫ್ಟಿಗೆ ಎಣ್ಣೆ ಸವರಿ ನೆಟ್ಟಗೆ ಹಿಡಿದು ಬುಶ್ಶಿನೊಳಗೆ ಬಿಡು. ತನ್ನ ತೂಕಕ್ಕೆ ತಾನೇ ನಿಧಾನವಾಗಿ ಇಳಿಯಬೇಕು. ದಡಕ್ಕನೆ ಬಿದ್ದರೆ ಲೂಸು, ನಿಂತುಬಿಟ್ಟರೆ ಬಿಗಿ.

ಮುಂದಿನ ತುದಿ, ಅಂದರೆ ದೋಣಿಯ ಒಳಗಿನ ತುದಿ, ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಅಲ್ಲಿ ಬಾಲ್ ಬೇರಿಂಗ್ ಇರಲಿ. 684ರಲ್ಲೇ 2ಆರ್‌ಎಸ್ ಹಾಕು. ಅಥವಾ ಎಣ್ಣೆ ಕುಡಿದ ಬುಶ್. ನಮ್ಮ ಕಡೆ ಅದನ್ನು ಫ್ಯಾನ್ ಬುಶ್ ಅನ್ನುತ್ತಾರೆ, ಟೇಬಲ್ ಫ್ಯಾನಿನಲ್ಲಿ ಇರುವುದರಿಂದ. ಕಂಚಿನ ಪುಡಿಯನ್ನು ಒತ್ತಿ ಕಾಸಿ ಮಾಡಿದ್ದು. ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ಅದರ ಗಾತ್ರದಲ್ಲಿ ಸುಮಾರು ಐದನೇ ಒಂದು ಪಾಲು ಎಣ್ಣೆಯೇ ಇರುತ್ತದೆ. ಅಂಗೈಯಲ್ಲಿ ಸ್ವಲ್ಪ ಹೊತ್ತು ಬಿಸಿಯಾಗುವ ಹಾಗೆ ಹಿಡಿದುಕೊಂಡರೆ ಬೆವರಿದ ಹಾಗೆ ಎಣ್ಣೆ ಜಿನುಗುತ್ತದೆ. ಹಾಗೆ ಜಿನುಗದಿದ್ದರೆ ಒಣಗಿದೆ ಅಂತ ಅರ್ಥ, ಬಿಸಿ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕು. ಇದಕ್ಕೆ ಮಾತ್ರ ರೀಮರ್ ಹಾಕಬೇಡ, ರಂಧ್ರಗಳ ಬಾಯಿ ಮುಚ್ಚಿಹೋಗುತ್ತದೆ. ನೀರೊಳಗಿನ ತುದಿಗೂ ಇದು ಬೇಡ. ನೀರು ಎಣ್ಣೆಯನ್ನು ಮೆಲ್ಲಗೆ ಹೊರಗೆ ದಬ್ಬುತ್ತದೆ.

ಈಗ ಅಸಲು ವಿಷಯ. ನಿನ್ನ ದೋಣಿಯಲ್ಲಿ ಮೋಟಾರು ಮತ್ತು ಶಾಫ್ಟು ಒಂದೇ ಗೆರೆಯಲ್ಲಿ ಇವೆಯಾ? ಕಾಗದದಲ್ಲಿ ಇದನ್ನು ಬರೆದಿಲ್ಲ. ಕೆಟ್ಟ ಬುಶ್ ಹಿಡಿದುಕೊಂಡು ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನರ ಬುಶ್ಶು ಒಂದೇ ಪಕ್ಕಕ್ಕೆ ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಅದು ಬುಶ್ಶಿನ ತಪ್ಪಲ್ಲ. ಮೋಟಾರ್ ಶಾಫ್ಟನ್ನು ಒಂದು ಪಕ್ಕಕ್ಕೆ ಎಳೆಯುತ್ತಾ ಇದೆ. ಮೋಟಾರನ್ನೂ ಶಾಫ್ಟನ್ನೂ ಸೇರಿಸುವ ಕಪ್ಲಿಂಗ್ ಬಾಗುತ್ತದೆ, ಅದೇ ಸರಿಮಾಡಿಕೊಳ್ಳುತ್ತದೆ ಅಂತ ಬಿಟ್ಟಿರುತ್ತಾರೆ. ಕಪ್ಲಿಂಗ್ ಬಾಗುವುದು ನಿಜ, ಆದರೆ ಪ್ರತಿ ಸುತ್ತಿಗೂ ಬಾಗುವಾಗ ಬ್ಯಾಟರಿ ತಿನ್ನುತ್ತದೆ, ಬುಶ್ ತಿನ್ನುತ್ತದೆ.

ಒಂದು ಗಟ್ಟಿ ಹಿತ್ತಾಳೆ ತುಂಡು ತೆಗೆದುಕೊಂಡು ಒಂದು ಕಡೆ ಮೋಟಾರಿನ ಶಾಫ್ಟಿಗೆ, ಇನ್ನೊಂದು ಕಡೆ ದೋಣಿಯ ಶಾಫ್ಟಿಗೆ ಸರಿಯಾಗಿ ಕೂರುವ ತೂತು ಮಾಡಿಸು. ಅದನ್ನು ಕಪ್ಲಿಂಗ್ ಜಾಗದಲ್ಲಿ ಹಾಕಿದರೆ ಎರಡೂ ಶಾಫ್ಟು ಒಂದೇ ಸರಳಿನ ಹಾಗೆ ನಿಲ್ಲುತ್ತವೆ. ಆಗ ಮೋಟಾರು ಕೂರುವ ಸ್ಟ್ಯಾಂಡನ್ನು ಎಪಾಕ್ಸಿ ಹಾಕಿ ಕೂರಿಸು. ಒಣಗಿದ ಮೇಲೆ ತುಂಡು ತೆಗೆದು ಕಪ್ಲಿಂಗ್ ಹಾಕು. ಸರಿಯಾಯಿತೋ ಇಲ್ಲವೋ ಅಂತ ಆಂಪಿಯರ್ ಮೀಟರ್ ಹೇಳುತ್ತದೆ. ಪ್ರೊಪೆಲ್ಲರ್ ಬಿಚ್ಚಿಟ್ಟು ಬರೀ ಮೋಟಾರ್ ಓಡಿಸಿ ಎಷ್ಟು ಅಂತ ಬರೆದುಕೊ. ಆಮೇಲೆ ಶಾಫ್ಟ್ ಸೇರಿಸಿ ನೋಡು. ನನ್ನ ಮೊದಲ ದೋಣಿಯಲ್ಲಿ ಬರೀ ಮೋಟಾರಿಗೆ 0.6 ಆಂಪಿಯರ್ ಇತ್ತು, ಶಾಫ್ಟ್ ಸೇರಿಸಿದರೆ 1.9. ನೀರಿಗೆ ಇಳಿಸುವ ಮೊದಲೇ ಮೂರು ಪಟ್ಟು! ಮೋಟಾರಿನ ಒಂದು ಕಾಲಿನ ಅಡಿಗೆ ತಗಡಿನ ಚೂರು ಕೊಟ್ಟ ಮೇಲೆ 0.8ಕ್ಕೆ ಇಳಿಯಿತು. ಬುಶ್ ಅದೇ, ಶಾಫ್ಟ್ ಅದೇ.

ಪ್ರೊಪೆಲ್ಲರ್ ದೋಣಿಯನ್ನು ತಳ್ಳುವಾಗ ಶಾಫ್ಟ್ ಮುಂದಕ್ಕೆ ಒತ್ತುತ್ತದೆ ಅನ್ನೋದನ್ನೂ ಮರೆಯಬೇಡ. ಆ ಒತ್ತು ಮೋಟಾರಿಗೆ ಹೋಗಬಾರದು. ಪ್ರೊಪೆಲ್ಲರಿನ ಲಾಕ್‌ನಟ್ ಮತ್ತು ಹಿಂದಿನ ಬುಶ್ಶಿನ ನಡುವೆ ಒಂದು ಟೆಫ್ಲಾನ್ ವಾಶರ್ ಹಾಕು. ಒಳಗಿನ ತುದಿಯಲ್ಲಿ ಶಾಫ್ಟಿಗೆ ಕಾಲರ್, ಅಂದರೆ ತಡೆಯುವ ಬಳೆ, ಬಿಗಿಯುವಾಗ ಅಂಚೆ ಕಾರ್ಡಿನ ದಪ್ಪದಷ್ಟು ಸಂದು ಬಿಡು.

ಪ್ರಶ್ನೆ: ನನ್ನದು ಸ್ಪೀಡ್ ಬೋಟ್. 3 ಸೆಲ್ ಲಿಥಿಯಂ ಬ್ಯಾಟರಿ, 2000 ಕೆವಿ ಬ್ರಶ್‌ಲೆಸ್ ಮೋಟಾರ್. 4 ಎಂಎಂ ಶಾಫ್ಟ್, 30 ಸೆಂಟಿಮೀಟರ್ ಕೊಳವೆ, ಎರಡೂ ತುದಿಗೆ ಹಿತ್ತಾಳೆ ಬುಶ್. ಸ್ವಲ್ಪ ಥ್ರಾಟಲ್ ಕೊಟ್ಟಾಗ ಸುಮ್ಮನಿರುತ್ತದೆ. ಜಾಸ್ತಿ ಕೊಟ್ಟರೆ ದೋಣಿಯೇ ನಡುಗಿ ಕಿರುಚುತ್ತದೆ. ಮೂರು ಸಲ ಬುಶ್ ಬದಲಿಸಿದೆ. ಯಾವ ಲೋಹದ್ದು ಹಾಕಿದರೆ ನಿಲ್ಲುತ್ತದೆ?
– ಓದುಗ, ಸಿಂಧನೂರು

ಉತ್ತರ: ಚಿನ್ನದ್ದು ಹಾಕಿಸಿದರೂ ಕಿರುಚುತ್ತದೆ ಅಣ್ಣಾ. ನಿಮ್ಮ ಶಾಫ್ಟು ಕೊಳವೆಯೊಳಗೆ ಹಗ್ಗದಾಟ ಆಡುತ್ತಿದೆ. ಇಬ್ಬರು ಹುಡುಗಿಯರು ಎರಡು ತುದಿ ಹಿಡಿದು ಹಗ್ಗ ತಿರುಗಿಸಿದರೆ ನಡುವೆ ಉಬ್ಬುತ್ತದಲ್ಲ, ಹಾಗೆ. ಉಕ್ಕಿನ ಸರಳಿಗೂ ಒಂದು ವೇಗ ಇದೆ. ಅಲ್ಲಿಗೆ ಬಂದರೆ ನಡು ಉಬ್ಬಿ ಕೊಳವೆಗೆ ಬಡಿಯುತ್ತದೆ.

ಲೆಕ್ಕ ಹಾಕೋಣ. ನಿಮ್ಮ ಬ್ಯಾಟರಿ 11.1 ವೋಲ್ಟ್. ಮೋಟಾರಿನ ಕೆವಿ ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು. 11.1ಕ್ಕೆ 2000 ಗುಣಿಸಿದರೆ ಭಾರ ಇಲ್ಲದಾಗ ನಿಮಿಷಕ್ಕೆ 22,200 ಸುತ್ತು. ನೀರಲ್ಲಿ ಇದಕ್ಕಿಂತ ಕಡಿಮೆ. ಇನ್ನು 4 ಎಂಎಂ ಉಕ್ಕಿನ ಶಾಫ್ಟಿಗೆ ಎರಡು ತುದಿಯಲ್ಲಿ ಮಾತ್ರ ಆಸರೆ ಇದ್ದು ನಡುವೆ 30 ಸೆಂಟಿಮೀಟರ್ ಖಾಲಿ ಇದ್ದರೆ, ಅದು ಉಬ್ಬುವ ವೇಗ ಸುಮಾರು 5,300 ಸುತ್ತು. ಕಾಲು ಥ್ರಾಟಲ್ ದಾಟಿದರೆ ಗಲಾಟೆ ಶುರು ಆಗಲೇಬೇಕು. ಖುಷಿಯ ವಿಷಯ ಅಂದರೆ, ಆಸರೆಗಳ ನಡುವಿನ ದೂರ ಅರ್ಧ ಮಾಡಿದರೆ ಈ ವೇಗ ನಾಲ್ಕು ಪಟ್ಟಾಗುತ್ತದೆ. ಸರಿಯಾಗಿ ನಡುವೆ ಒಂದು ಬುಶ್ ಕೊಟ್ಟರೆ 21,000ದ ಹತ್ತಿರ ಬರುತ್ತದೆ. ನಿಮಗೆ ಇದು ಅಂಚಿನ ಮೇಲೆ. ಎರಡು ಬುಶ್ ಕೊಟ್ಟು ಮೂರು ಪಾಲು ಮಾಡಿದರೆ 47,000. ಆಗ ನಿಶ್ಚಿಂತೆ. ನಡುವಿನ ಬುಶ್ಶಿನ ತೂತು ತುದಿಯವಕ್ಕಿಂತ ಒಂದು ಚೂರು ದೊಡ್ಡದಿರಲಿ. ಅದು ಶಾಫ್ಟನ್ನು ಹಿಡಿದುಕೊಳ್ಳಬೇಕಾಗಿಲ್ಲ, ಉಬ್ಬುವಾಗ ತಡೆದರೆ ಸಾಕು.

ರೈಸ್ ಮಿಲ್ಲಿನ ಉದ್ದ ಲೈನ್ ಶಾಫ್ಟಿಗೆ ನಡುನಡುವೆ ಪ್ಲಮರ್ ಬ್ಲಾಕ್, ಅಂದರೆ ಬೇರಿಂಗ್ ಕೂರಿಸಿದ ಆಸರೆ, ಯಾಕೆ ಇಡುತ್ತಾರೆ? ಸಿಂಧನೂರಿನವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾ!

ವೇಗದ ದೋಣಿಗೆ ಒಳಗಿನ ಒಣ ತುದಿಯಲ್ಲಿ ಬಾಲ್ ಬೇರಿಂಗ್ ಹಾಕುವುದನ್ನು ನಾನು ಒಪ್ಪುತ್ತೇನೆ. 22,000 ಸುತ್ತಿನಲ್ಲಿ 4 ಎಂಎಂ ಶಾಫ್ಟಿನ ಮೈ ಸೆಕೆಂಡಿಗೆ 4.6 ಮೀಟರ್ ಜಾರುತ್ತದೆ. ಎಣ್ಣೆ ಕುಡಿದ ಫ್ಯಾನ್ ಬುಶ್ ಅಲ್ಲಿ ತನ್ನ ಕೊನೆಯ ಮಿತಿಯಲ್ಲಿ ಇರುತ್ತದೆ. ನೀರೊಳಗಿನ ತುದಿಯನ್ನು ನೀರೇ ತಣ್ಣಗಿಡುವುದರಿಂದ ಗನ್ ಮೆಟಲ್ ಬುಶ್ ತಾಳಿಕೊಳ್ಳುತ್ತದೆ.

ರೇಸಿನವರು ಗಟ್ಟಿ ಶಾಫ್ಟನ್ನೇ ಬಿಟ್ಟುಬಿಡುತ್ತಾರೆ. ತಂತಿ ಹೊಸೆದ ಬಾಗುವ ಕೇಬಲ್, ಅದಕ್ಕೆ ಟೆಫ್ಲಾನ್ ಕೊಳವೆ. ಉದ್ದಕ್ಕೂ ಆಸರೆ ಸಿಗುವುದರಿಂದ ಹಗ್ಗದಾಟದ ತಂಟೆ ಇಲ್ಲ. ಆದರೆ ಓಡಿಸಿದ ದಿನವೇ ಹೊರಗೆಳೆದು ಒರೆಸಿ ಗ್ರೀಸ್ ಹಚ್ಚಬೇಕು. ಭಾರ ಬಿದ್ದಾಗ ಕೇಬಲ್ ಮುರುಚಿಕೊಂಡು ಗಿಡ್ಡವಾಗುತ್ತದೆ, ಅದಕ್ಕೆ ಪ್ರೊಪೆಲ್ಲರಿನ ಹತ್ತಿರ ಎರಡು ಮೂರು ಎಂಎಂ ಜಾಗ ಬಿಟ್ಟಿರಬೇಕು. ಸೋಮಾರಿಗಳಿಗೆ ಇದು ಆಗುವುದಿಲ್ಲ. ನನಗೂ ಆಗಿಲ್ಲ.

ಪ್ರಶ್ನೆ: ನೈಲಾನ್ ರಾಡ್ ಅಗ್ಗ, ಕೊರೆಯುವುದೂ ಸುಲಭ, ತುಕ್ಕಿನ ಮಾತೇ ಇಲ್ಲ. ಅದರಲ್ಲೇ ಬುಶ್ ಮಾಡಿದರೆ ಏನು ತೊಂದರೆ?
– ಓದುಗ, ಕಾರಟಗಿ

ಉತ್ತರ: ನನ್ನ ತಲೆಗೂ ಇದೇ ಬಂದಿತ್ತು. ಒಂದು ಬೇಸಿಗೆಯಲ್ಲಿ ಅಂಗಡಿಯಲ್ಲಿ ಬಿದ್ದಿದ್ದ ನೈಲಾನ್ ರಾಡಿನಲ್ಲಿ ಎರಡು ಬುಶ್ ಮಾಡಿದೆ. ಹೊಸ ರೀಮರ್, ಎರಡು ನೂರರ ಆಟ, ಮಗುವಿನ ಕೆನ್ನೆ ಹಾಗೆ ನುಣುಪು. ದೋಣಿಯನ್ನು ಮನೆಯ ನೀರಿನ ತೊಟ್ಟಿಯಲ್ಲಿ ಬಿಟ್ಟು ಸೋರುತ್ತದೋ ಏನೋ ಅಂತ ನೋಡುತ್ತಿದ್ದೆ. ಅಷ್ಟರಲ್ಲಿ ಒಂದು ಮಿಲ್ಲಿನ ಕೆಲಸ ಬಂತು, ವಾರ ಪೂರ್ತಿ ಅದು ತೊಟ್ಟಿಯಲ್ಲೇ ಉಳಿಯಿತು. ಭಾನುವಾರ ಹಾಗೇ ಎತ್ತಿಕೊಂಡು ಸಾಣಾಪುರಕ್ಕೆ ಹೋದೆ. ದಡದಿಂದ ನೂರಡಿ ಹೋಯಿತು, ನಿಂತಿತು. ಆಮೇಲೆ ಸಣ್ಣಗೆ ಹೊಗೆ.

ನೈಲಾನ್ ನೀರು ಕುಡಿಯುತ್ತದೆ. ಸಾಮಾನ್ಯ ನೈಲಾನ್ ಪೂರ್ತಿ ನೆನೆದರೆ ತನ್ನ ತೂಕದ ನೂರಕ್ಕೆ ಎಂಟು ಒಂಬತ್ತು ಪಾಲು ನೀರು ಹೀರಿಕೊಂಡು ಉಬ್ಬುತ್ತದೆ. ಹೊರಗಡೆ ಹಿತ್ತಾಳೆ ಕೊಳವೆ ಬಿಡುವುದಿಲ್ಲ, ಹಾಗಾಗಿ ಒಳಕ್ಕೆ ಉಬ್ಬಿ ಶಾಫ್ಟನ್ನು ಹಿಡಿದುಕೊಳ್ಳುತ್ತದೆ. ಎರಡು ನೂರರ ಆಟ ಎಲ್ಲಿಗೆ ಸಾಲಬೇಕು? ಹರಿಗೋಲಿನ ಹುಡುಗ ಹೋಗಿ ದೋಣಿ ತಂದುಕೊಟ್ಟ. ‘ನಮ್ಮದಕ್ಕೆ ಬೇರಿಂಗೇ ಇಲ್ಲ ಕಾಕಾ, ಒಂದು ಹುಟ್ಟು ಸಾಕು’ ಅಂದ. ಸುಟ್ಟ ಮೋಟಾರ್ ಇನ್ನೂ ನನ್ನ ಅಂಗಡಿಯ ಕಪಾಟಿನಲ್ಲಿದೆ.

ಪ್ಲಾಸ್ಟಿಕ್ಕೇ ಬೇಕು ಅಂದರೆ ಡೆಲ್ರಿನ್ ಕೇಳಿ. ಅಸಿಟಲ್ ಅಂತಲೂ ಅನ್ನುತ್ತಾರೆ. ಅದು ಕುಡಿಯುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ನೋಡಲು ಎರಡೂ ಬೆಳ್ಳಗೆ ಒಂದೇ ಥರ ಇರುತ್ತವೆ. ಗುರುತು ಹಿಡಿಯಲು ಒಂದು ಚೂರನ್ನು ವಾರ ನೀರಲ್ಲಿ ಹಾಕಿ ಮೊದಲೂ ಆಮೇಲೂ ವರ್ನಿಯರ್ ಹಿಡಿಯಿರಿ. ನಿಧಾನದ ದೋಣಿಗೆ ಡೆಲ್ರಿನ್ ಚೆನ್ನಾಗಿ ಒಗ್ಗುತ್ತದೆ. ಆದರೆ ಮರಳು ಸಿಕ್ಕಿದರೆ ಅದರ ಮೈಯೊಳಗೆ ಕಚ್ಚಿಕೊಂಡು ಕೂರುತ್ತದೆ. ಆಮೇಲೆ ಆ ಮರಳು ಶಾಫ್ಟನ್ನು ಉಜ್ಜುತ್ತಾ ಇರುತ್ತದೆ.

ಮರಳಿನ ಮಾತು ಬಂತು, ಹೇಳಿಬಿಡುತ್ತೇನೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗಿನ ಲೆಕ್ಕ 105 ಟಿಎಂಸಿ ಚಿಲ್ಲರೆ. ಉಳಿದ ಜಾಗದಲ್ಲಿ ಹೂಳು ಕೂತಿದೆ. ಅದೇ ನೀರು ಎಡದಂಡೆ ಕಾಲುವೆಯಲ್ಲಿ ನಮ್ಮ ಕಡೆ ಬರುತ್ತದೆ. ಮುಂಗಾರಿನಲ್ಲಿ ಹೊಸ ನೀರು ಕೆಂಪಗೆ ಬಂದಾಗ ಒಂದು ಲೋಟದಲ್ಲಿ ಹಿಡಿದಿಟ್ಟು ನೋಡಿ, ಬೆಳಿಗ್ಗೆಗೆ ಅಡಿಯಲ್ಲಿ ಎಷ್ಟು ಕೂತಿರುತ್ತದೆ ಅಂತ. ಆ ನೀರಲ್ಲಿ ನಾನು ದೋಣಿ ಇಳಿಸುವುದಿಲ್ಲ. ಬಿಸಿಲುಗಾಲದ ತಿಳಿನೀರಲ್ಲಿ ವರ್ಷ ಬಾಳುವ ಬುಶ್ಶು ಕೆಂಪು ನೀರಲ್ಲಿ ಒಂದು ತಿಂಗಳೂ ಬಾಳುವುದಿಲ್ಲ.

ಪ್ರಶ್ನೆ: ಹಿಂದೆ ಹಡಗಿನ ಶಾಫ್ಟಿಗೆ ಮರದ ಬೇರಿಂಗ್ ಇತ್ತು ಅಂತ ಎಲ್ಲೋ ಓದಿದ ನೆನಪು. ಮೊಮ್ಮಗನಿಗೆ ಹೇಳಿದರೆ ನಗುತ್ತಾನೆ. ನಿಜವೇ?
– ನಿವೃತ್ತ ಶಿಕ್ಷಕ, ರಾಯಚೂರು

ಉತ್ತರ: ನಿಜ ಮೇಷ್ಟ್ರೇ. ಮೊಮ್ಮಗನನ್ನು ನನ್ನ ಹತ್ತಿರ ಕಳಿಸಿ.

ಹಬೆ ಹಡಗಿಗೆ ಪ್ರೊಪೆಲ್ಲರ್ ಬಂದ ಹೊಸದರಲ್ಲಿ ಹಿಂದಿನ ತುದಿಯ ಲೋಹದ ಬೇರಿಂಗ್ ಬೇಗ ಸವೆದು ಸಮುದ್ರದ ನೀರು ಒಳಗೆ ಬರುತ್ತಿತ್ತು. ಇಂಗ್ಲೆಂಡಿನ ಇಂಜಿನಿಯರ್ ಜಾನ್ ಪೆನ್ ಎಂಬುವರು 1854ರಲ್ಲಿ ಲಿಗ್ನಮ್ ವೀಟೆ ಎಂಬ ಮರದ ಪಟ್ಟಿಗಳನ್ನು ಜೋಡಿಸಿ ಬೇರಿಂಗ್ ಮಾಡಿ ಪೇಟೆಂಟ್ ತೆಗೆದುಕೊಂಡರು. ಆ ಮರ ನೀರಲ್ಲಿ ತೇಲುವುದಿಲ್ಲ, ಕಲ್ಲಿನ ಹಾಗೆ ಮುಳುಗುತ್ತದೆ. ಮೈಯಲ್ಲೇ ಎಣ್ಣೆಯಂಥ ರಾಳ ಇರುತ್ತದೆ. ಪಟ್ಟಿಗಳ ಸಂದಿನಲ್ಲಿ ನೀರು ಹರಿಯುತ್ತಾ ಇದ್ದರೆ ಸವೆಯುವುದು ಬಹಳ ನಿಧಾನ. ನೂರಕ್ಕೂ ಜಾಸ್ತಿ ವರ್ಷ ಹಡಗುಗಳು ಇದನ್ನು ನಂಬಿದ್ದವು. ಹೀಗೆ ನೀರಲ್ಲೇ ತಿರುಗುವ ಬೇರಿಂಗಿನ ಉದ್ದ ಶಾಫ್ಟಿನ ದಪ್ಪದ ನಾಲ್ಕು ಪಟ್ಟು ಇರಬೇಕು ಅನ್ನೋದು ಹಡಗು ಕಟ್ಟುವವರ ಹಳೇ ಲೆಕ್ಕ. ಆಮೇಲೆ ಒಳಮೈಯಲ್ಲಿ ಉದ್ದುದ್ದ ತೋಡು ಇರುವ ರಬ್ಬರ್ ಬೇರಿಂಗ್ ಬಂತು. ಮರಳು ಬಂದರೆ ರಬ್ಬರ್ ತಗ್ಗಿ ಜಾಗ ಕೊಡುತ್ತದೆ, ಮರಳು ಉರುಳಿ ತೋಡಿನೊಳಗೆ ಬಿದ್ದು ನೀರಿನ ಜೊತೆ ಹೊರಗೆ ಹೋಗುತ್ತದೆ.

ಆ ಮರ ನಮಗೆಲ್ಲಿ ಸಿಗಬೇಕು. ಬಂಡಿಗೆ ನಮ್ಮವರು ಕರಿಜಾಲಿ ಬಳಸುತ್ತಿದ್ದರಲ್ಲ, ಅದರ ಕೆಚ್ಚಿನಲ್ಲಿ ಒಂದು ಬುಶ್ ತಿರುವಿ ಶೇಂಗಾ ಎಣ್ಣೆಯಲ್ಲಿ ಕುದಿಸಿ ಹಾಕಿ ನೋಡಿದೆ. ಅಡುಗೆಮನೆಯಲ್ಲಿ ಬೈಸಿಕೊಂಡದ್ದೂ ಆಯಿತು. ಒಂದು ಬೇಸಿಗೆ ಚೆನ್ನಾಗಿ ಓಡಿತು. ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟಿದ್ದೆ, ತೆಗೆದು ನೋಡಿದರೆ ಸೀಳಿತ್ತು.

ಇನ್ನೊಂದು, ಮೊಮ್ಮಗ ರಿಮೋಟ್ ದೋಣಿ ಈಗಿನವರದು ಅಂದುಕೊಂಡಿದ್ದರೆ ಅದನ್ನೂ ತಿದ್ದಿ. ನಿಕೋಲಾ ಟೆಸ್ಲಾ 1898ರಲ್ಲೇ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಡಿಯೊ ಅಲೆಯಿಂದ ದೋಣಿ ಓಡಿಸಿ ತೋರಿಸಿದ್ದರು.

ಪ್ರಶ್ನೆ: ನನ್ನ ಮಗ ಆರನೇ ಕ್ಲಾಸು. ಬೆರಳಲ್ಲಿ ತಿರುಗಿಸುವ ಸ್ಪಿನ್ನರ್ ಬಿಚ್ಚಿ ಅದರ ಬೇರಿಂಗನ್ನು ದೋಣಿಗೆ ಹಾಕುತ್ತೇನೆ ಅಂತ ಹಟ ಹಿಡಿದಿದ್ದಾನೆ. ಆಗುತ್ತದಾ ಅಣ್ಣಾ?
– ಗೃಹಿಣಿ, ಬಳ್ಳಾರಿ

ಉತ್ತರ: ಆಗುವುದಿಲ್ಲ ಅಕ್ಕಾ. ಅದು ಸಾಮಾನ್ಯವಾಗಿ 608 ನಂಬರಿನದು. ತೂತು 8 ಎಂಎಂ, ಹೊರಗೆ 22, ದಪ್ಪ 7. ಅವನ ದೋಣಿಯ ಶಾಫ್ಟು ಪೆನ್ ರೀಫಿಲ್ಲಿನಷ್ಟು ಇರಬಹುದು. ಎತ್ತಿನ ಗಾಲಿಯನ್ನು ಸೈಕಲ್ಲಿಗೆ ಹಾಕಿದ ಹಾಗಾಗುತ್ತದೆ. ಅವನಿಗೆ ಬೈಯಬೇಡಿ, ಬಿಚ್ಚುವ ಹುಡುಗರು ಮುಂದೆ ಕಟ್ಟುತ್ತಾರೆ. ಬಾಲ್ ಪೆನ್ನಿನ ಖಾಲಿ ಹಿತ್ತಾಳೆ ರೀಫಿಲ್ ಒಂದು ಸೆಂಟಿಮೀಟರ್ ಕತ್ತರಿಸಿ, ಒಳಗೆ 2 ಎಂಎಂ ಸೈಕಲ್ ಸ್ಪೋಕ್ ಹೋಗುತ್ತದಾ ನೋಡಲು ಹೇಳಿ. ಹೋದರೆ ಅವನಿಗೆ ಬುಶ್ಶೂ ಸಿಕ್ಕಿತು, ಶಾಫ್ಟೂ ಸಿಕ್ಕಿತು. ಎಣ್ಣೆಗೆ ದೂರ ಹೋಗಬೇಕಾಗಿಲ್ಲ. ನಿಮ್ಮ ಊರಲ್ಲಿ ಜೀನ್ಸ್ ಹೊಲಿಯುವ ಮನೆ ಬೇಕಾದಷ್ಟಿವೆ. ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಕೇಳಿದರೆ ಯಾರು ಇಲ್ಲ ಅನ್ನುತ್ತಾರೆ?

ಪ್ರಶ್ನೆ: ಹಗುರ ಮರದಲ್ಲಿ ದೋಣಿ ಕೆತ್ತಿದ್ದೇನೆ, ಬಣ್ಣವೂ ಚೆನ್ನಾಗಿ ಕೂತಿದೆ. ಆದರೆ ಶಾಫ್ಟಿನ ಕೊಳವೆಯಿಂದ ನೀರು ಒಳಗೆ ಬರುತ್ತದೆ. ಹತ್ತು ನಿಮಿಷಕ್ಕೆ ಒಂದು ಲೋಟ. ಬುಶ್ ಇನ್ನೂ ಬಿಗಿ ಮಾಡಲಾ?
– ಗೊಂಬೆ ಕೆಲಸದವನು, ಕಿನ್ನಾಳ

ಉತ್ತರ: ಕಿನ್ನಾಳದವರು ಕೆತ್ತಿದ ದೋಣಿ ಅಂದರೆ ನನಗೆ ಓಡಿಸುವುದಕ್ಕಿಂತ ನೋಡುವ ಆಸೆಯೇ ಜಾಸ್ತಿ. ಒಂದು ಫೋಟೋ ಕಳಿಸಿ.

ಬುಶ್ ಬಿಗಿ ಮಾಡಬೇಡಿ. ಬಿಗಿ ಮಾಡಿದರೆ ಶಾಫ್ಟ್ ಬಿಸಿಯಾಗುತ್ತದೆ, ನೀರು ಆಗಲೂ ಬರುತ್ತದೆ. ಬುಶ್ಶಿನ ಕೆಲಸ ಶಾಫ್ಟನ್ನು ಹೊರುವುದು. ನೀರು ತಡೆಯುವುದು ಗ್ರೀಸಿನ ಕೆಲಸ. ಮೊದಲು ಕೊಳವೆಯ ಒಳಗಿನ ತುದಿ ಎಲ್ಲಿದೆ ನೋಡಿ. ದೋಣಿ ತೇಲುವಾಗ ಹೊರಗಿನ ನೀರಿನ ಮಟ್ಟಕ್ಕಿಂತ ಅದು ಒಂದು ಬೆರಳು ಮೇಲಿದ್ದರೆ ನಿಂತ ದೋಣಿಗೆ ನೀರು ಬರುವುದೇ ಇಲ್ಲ. ಈಗಾಗಲೇ ಕೂರಿಸಿಬಿಟ್ಟಿದ್ದರೆ ಅದನ್ನು ಕೀಳುವುದು ಬೇಡ, ಬಣ್ಣ ಹಾಳಾಗುತ್ತದೆ.

ಬದಲಿಗೆ ಶಾಫ್ಟ್ ಹೊರಗೆ ತೆಗೆದು, ಒಳಗಿನ ಬುಶ್ಶಿನಿಂದ ಎರಡು ಇಂಚು ಹಿಂದೆ ಕೊಳವೆಯ ಮೇಲೆ ಒಂದು ಸಣ್ಣ ತೂತು ಹೊಡೆಯಿರಿ. ಅದಕ್ಕೆ 4 ಎಂಎಂ ಹಿತ್ತಾಳೆ ಪೈಪ್ ನೆಟ್ಟಗೆ ನಿಲ್ಲಿಸಿ ಬೆಸುಗೆ ಹಾಕಿ. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೇಲೆ ಬರಲಿ. ಬೆಸುಗೆಯ ಬಿಸಿಗೆ ಮರ ಸುಡದ ಹಾಗೆ ಒದ್ದೆ ಬಟ್ಟೆ ಸುತ್ತಿ. ತೂತಿನ ಒಳಗಿನ ಅಂಚು ಸಣ್ಣ ಫೈಲಿನಲ್ಲಿ ನುಣುಪು ಮಾಡಿ, ಇಲ್ಲದಿದ್ದರೆ ಅದರ ಚೂರು ಹೋಗಿ ಬುಶ್ಶಿಗೆ ಸಿಗುತ್ತದೆ. ಶಾಫ್ಟ್ ಹಾಕಿದ ಮೇಲೆ ಆ ಪೈಪಿನಿಂದ ಸಿರಿಂಜಿನಲ್ಲಿ ಗ್ರೀಸ್ ತಳ್ಳಿ, ಹಿಂದಿನ ಬುಶ್ಶಿನಲ್ಲಿ ಕಾಳಿನಷ್ಟು ಹೊರಗೆ ಬರುವವರೆಗೆ. ಹಾಗೆ ಬಂದರೆ ಕೊಳವೆ ತುಂಬಿದೆ ಅಂತ.

ಗ್ರೀಸು ಟ್ರಾಕ್ಟರಿನ ಚಾಸಿಗೆ ಹಾಕುವ ಕ್ಯಾಲ್ಸಿಯಂ ಗ್ರೀಸ್ ಸಾಕು. ನೀರಿಗೆ ಅದು ಕರಗುವುದಿಲ್ಲ. ಹಿಂದೆ ಬಂಡಿ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದ ಹಾಗೆ ಧಾರಾಳವಾಗಿ ಹಚ್ಚಬೇಡಿ. ಹೊರಗೆ ಬಂದ ಕಾಳನ್ನು ಬಟ್ಟೆಯಲ್ಲಿ ಒರೆಸಿ ನೀರಿಗೆ ಇಳಿಸಿ. ದನ ನೀರು ಕುಡಿಯುವ ಕೆರೆ ಅದು. ಗ್ರೀಸ್ ತೀರಾ ಗಟ್ಟಿ ಅನ್ನಿಸಿದರೆ ಮೆಷಿನ್ ಎಣ್ಣೆ ನಾಲ್ಕು ಹನಿ ಬೆರೆಸಿ ಕಲಸಿ. ನಿಮ್ಮ ಮೋಟಾರ್ ಸಣ್ಣದಿದ್ದರೆ ಗಟ್ಟಿ ಗ್ರೀಸೇ ಅದನ್ನು ಹಿಡಿದು ನಿಲ್ಲಿಸಿಬಿಡುತ್ತದೆ.

ಸಿರಿಂಜು 5 ಎಂಎಲ್‌ನದು ಸಾಕು. ಮೆಡಿಕಲ್ ಶಾಪಿನಲ್ಲಿ ಕೇಳುವಾಗ ಸೂಜಿ ಬೇಡ, ದೋಣಿಗೆ ಅಂತ ಮೊದಲೇ ಹೇಳಿ. ನಾನು ಹೇಳದೆ ಕೇಳಿದ್ದೆ. ಅಂಗಡಿಯವ ನನ್ನ ತೋಳನ್ನೇ ನೋಡಿದ.